ಡಾರ್ವಿನ್ ಪಾಠ ಅರ್ಥವಾಗಿದೆಯೇ? ಒಂದು ಪ್ರಶ್ನೆಯ ಇತಿಹಾಸ

ಸುವರ್ಣ ಮಹೋತ್ಸವದ ಸಂಚಿಕೆಗೆ ವಿಜ್ಞಾನದ ಇತಿಹಾಸದಿಂದ ಏನಾದರೂ ಬರೆದುಕೊಡಬೇಕೆಂದು ಗುರುಗಳು ಹೇಳಿದರು. ದೊಡ್ಡ ಆವಿಷ್ಕಾರಗಳ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ಆರಿಸಿಕೊಂಡದ್ದು ಪರೀಕ್ಷೆಯ ಒಂದು ಪ್ರಶ್ನೆಯ ಇತಿಹಾಸ.

ಚಾರ್ಲ್ಸ್ ಡಾರ್ವಿನ್ ಅವರು 1859ರಲ್ಲಿ ತಮ್ಮ ಪ್ರಸಿದ್ಧ ಪುಸ್ತಕ ಪ್ರಕಟಿಸಿ ನೈಸರ್ಗಿಕ ಆಯ್ಕೆಯ ವಿಚಾರವನ್ನು ವಿವರವಾಗಿ ಮಂಡಿಸಿದರು. ಅದಕ್ಕೂ 50 ವರ್ಷ ಮೊದಲು, 1809ರಲ್ಲಿ, ಫ್ರಾನ್ಸಿನ ಲಾಮಾರ್ಕ್ ಬೇರೆ ವಿವರಣೆ ಕೊಟ್ಟಿದ್ದರು: ಹೆಚ್ಚು ಬಳಸಿದ ಅಂಗ ಬೆಳೆಯುತ್ತದೆ, ಹಾಗೆ ಬೆಳೆದದ್ದು ಮರಿಗಳಿಗೂ ಬರುತ್ತದೆ. ಜಿರಾಫೆಯ ಕತ್ತಿನ ಉದಾಹರಣೆ ಎಲ್ಲರಿಗೂ ನೆನಪಿರುತ್ತದೆ. 'ಡಾರ್ವಿನ್ ಸಿದ್ಧಾಂತವನ್ನು ವಿವರಿಸಿ' ಎಂದು ಕೇಳಿದರೆ ಬಾಯಿಪಾಠ ಮಾಡಿದವರು ಬರೆದು ಪೂರ್ಣ ಅಂಕ ಪಡೆಯಬಹುದು. ಅರ್ಥವಾಗಿದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ.

ಅಮೆರಿಕದ ಬೆತ್ ಬಿಷಪ್ ಮತ್ತು ಚಾರ್ಲ್ಸ್ ಆಂಡರ್ಸನ್ ಇದನ್ನೇ ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಅವರು ಕೊಟ್ಟ ಒಂದು ಪ್ರಶ್ನೆಯ ಸಾರ ಇಷ್ಟು: ಚೀತಾ ಗಂಟೆಗೆ 60 ಮೈಲಿಗಿಂತ ವೇಗವಾಗಿ ಓಡಬಲ್ಲದು. ಅದರ ಪೂರ್ವಜರು 20 ಮೈಲಿ ವೇಗದಲ್ಲಿ ಮಾತ್ರ ಓಡುತ್ತಿದ್ದವು ಎಂದಿಟ್ಟುಕೊಂಡರೆ ಈ ವೇಗ ಹೇಗೆ ಬಂತು? ಇನ್ನೊಂದು ಪ್ರಶ್ನೆ ಗುಹೆಯ ಕತ್ತಲಲ್ಲಿ ಬದುಕುವ ಕುರುಡು ಸಾಲಮಾಂಡರ್ ಬಗ್ಗೆ. ಪುಸ್ತಕದಲ್ಲಿದ್ದ ವಾಕ್ಯ ಇಲ್ಲಿ ನೆರವಿಗೆ ಬರುವುದಿಲ್ಲ. ಸಾಫ್ಟ್‌ವೇರ್ ಪರೀಕ್ಷಿಸುವಾಗ ನಾವೂ ಹೀಗೆಯೇ ಮಾಡುತ್ತೇವೆ. ಬರೆದವನು ಮೊದಲೇ ಹಾಕಿ ನೋಡಿದ ಲೆಕ್ಕವನ್ನೇ ಮತ್ತೆ ಹಾಕಿದರೆ ತಪ್ಪು ಸಿಕ್ಕುವುದಿಲ್ಲ.

ಹೆಚ್ಚಿನವರ ಉತ್ತರ ಒಂದೇ ದಾರಿ ಹಿಡಿದಿತ್ತು. ಬೇಟೆಗೆ ವೇಗ ಬೇಕಾಯಿತು, ಆದ್ದರಿಂದ ಚೀತಾಗಳೆಲ್ಲ ನಿಧಾನವಾಗಿ ವೇಗ ಗಳಿಸಿದವು. ಬೇಕಾದದ್ದು ಬೇಕಾದ ಕಾರಣಕ್ಕೇ ಬಂತು ಎಂಬ ಯೋಚನೆ ಇದು. ಡಾರ್ವಿನ್ ಹೇಳಿದ್ದು ಹಾಗಲ್ಲ. ಒಂದೇ ಕಾಲದ ಚೀತಾಗಳಲ್ಲಿ ಹುಟ್ಟಿನಿಂದಲೇ ಕೆಲವು ತುಸು ಚುರುಕು, ಕೆಲವು ತುಸು ನಿಧಾನ. ಚುರುಕಾದವಕ್ಕೆ ಬೇಟೆ ಹೆಚ್ಚು ಸಿಕ್ಕಿ, ಅವುಗಳ ಮರಿಗಳು ಹೆಚ್ಚು ಉಳಿದವು. ತಾಯಿ ತಂದೆಯ ಚುರುಕು ಮರಿಗಳಿಗೂ ಬಂತು. ಹೀಗೆ ತಲೆಮಾರುಗಳು ಕಳೆದಂತೆ ಗುಂಪಿನಲ್ಲಿ ಚುರುಕಾದವುಗಳ ಪಾಲು ಏರಿತು. ಯಾವೊಂದು ಚೀತಾವೂ ಪ್ರಯತ್ನಪಟ್ಟು ತನ್ನ ಜಾತಿಯನ್ನು ಬದಲಿಸಲಿಲ್ಲ.

ಈ ಅಧ್ಯಯನದಲ್ಲಿ ನನ್ನನ್ನು ನಿಲ್ಲಿಸಿದ್ದು ಇನ್ನೆರಡು ಸಂಗತಿ. ಆ ವಿದ್ಯಾರ್ಥಿಗಳು ಅದಕ್ಕೆ ಮೊದಲೇ ಸರಾಸರಿ 1.9 ವರ್ಷ ಜೀವಶಾಸ್ತ್ರ ಓದಿದ್ದರು, ಆದರೆ ಎಷ್ಟು ವರ್ಷ ಓದಿದ್ದರು ಎಂಬುದಕ್ಕೂ ಅಂಕಕ್ಕೂ ಸಂಬಂಧ ಕಾಣಲಿಲ್ಲ. ಜೀವವಿಕಾಸವನ್ನು ನಂಬುತ್ತೇವೆ ಎಂದವರೂ ನಂಬದವರಿಗಿಂತ ಚೆನ್ನಾಗಿ ಬರೆದಿರಲಿಲ್ಲ. ಅಂದರೆ ನಂಬುವುದು ಬೇರೆ, ಅರ್ಥ ಮಾಡಿಕೊಳ್ಳುವುದು ಬೇರೆ.

2002ರಲ್ಲಿ ಡಯಾನ್ ಆಂಡರ್ಸನ್, ಕ್ಯಾಥ್ಲೀನ್ ಫಿಶರ್ ಮತ್ತು ಗ್ರೆಗರಿ ನಾರ್ಮನ್ ಇದೇ ಕೆಲಸಕ್ಕೆ 20 ಬಹು ಆಯ್ಕೆಯ ಪ್ರಶ್ನೆಗಳನ್ನು ಸಿದ್ಧಪಡಿಸಿದರು. ಗಲಪಗೋಸ್ ದ್ವೀಪಗಳ ಫಿಂಚ್ ಹಕ್ಕಿ, ವೆನೆಜುವೆಲಾದ ಗಪ್ಪಿ ಮೀನು, ಕೆನರಿ ದ್ವೀಪಗಳ ಹಲ್ಲಿ, ಈ ಮೂರರ ಸುತ್ತ ಪ್ರಶ್ನೆಗಳಿವೆ. ತಪ್ಪು ಆಯ್ಕೆಗಳನ್ನು ಮನಬಂದಂತೆ ಬರೆದಿಲ್ಲ; ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು ಯೋಚನೆಗಳನ್ನೇ ಆಯ್ಕೆಗಳಾಗಿ ಇಟ್ಟಿದ್ದಾರೆ. ಹಾಗಾಗಿ ತಪ್ಪು ಉತ್ತರ ನೋಡಿದರೂ ಮಗು ಎಲ್ಲಿ ಎಡವಿದೆ ಎಂಬುದು ಮೇಷ್ಟ್ರಿಗೆ ತಿಳಿಯುತ್ತದೆ.

ಕನ್ನಡದಲ್ಲಿ ಎಡವುವುದು ಇನ್ನೂ ಸುಲಭ ಎಂದು ನನ್ನ ಅನಿಸಿಕೆ. 'ಹೊಂದಿಕೊಂಡಿತು', 'ಒಗ್ಗಿಕೊಂಡಿತು' ಎಂದರೆ ಪ್ರಾಣಿಯೇ ಏನೋ ಮಾಡಿಕೊಂಡಂತೆ ಕೇಳುತ್ತದೆ. 'ಆಯ್ಕೆ' ಎಂದ ಕೂಡಲೇ ಆರಿಸುವವನು ಯಾರೋ ಕೂತಿದ್ದಾನೆ ಅನಿಸುತ್ತದೆ.

ಎನ್‌ಸಿಇಆರ್‌ಟಿ ತನ್ನ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಾಗ, 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಉಳಿದಿದೆ. ಆದರೆ ಹತ್ತಕ್ಕೇ ಓದು ನಿಲ್ಲಿಸುವವರು, ಮುಂದೆ ಕಲಾ ಅಥವಾ ವಾಣಿಜ್ಯ ವಿಭಾಗಕ್ಕೆ ಹೋಗುವವರು ಅಲ್ಲಿಗೆ ತಲುಪುವುದೇ ಇಲ್ಲ. ನಮ್ಮೂರಿನಲ್ಲಿ ಹೊಲ ನೋಡಿಕೊಳ್ಳುವವರು ಬಹುಪಾಲು ಅವರೇ.

ಹೊಲಕ್ಕೂ ಈ ಪಾಠಕ್ಕೂ ನೇರ ಸಂಬಂಧವಿದೆ. ಭಾರತದಲ್ಲಿ 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಗುಲಾಬಿ ಕಾಯಿಕೊರಕ ಮೊದಲ ತಲೆಮಾರಿನ ಬಿಟಿ ಹತ್ತಿಯನ್ನು ತಿಂದೂ ಬದುಕುತ್ತಿದೆ ಎಂದು 2010ರಲ್ಲಿ ಗುಜರಾತಿನಿಂದ ವರದಿ ಬಂತು. ಹುಳ ಒಗ್ಗಿಕೊಂಡಿತು ಎಂದು ನಾವು ಹೇಳುತ್ತೇವೆ. ಆದರೆ ತಡೆಯುವ ಗುಣವಿದ್ದ ಹುಳಗಳು ಮೊದಲು ಬೆರಳೆಣಿಕೆಯಷ್ಟಿದ್ದವು. ಉಳಿದವು ಸತ್ತಾಗ ಹೊಲ ಅವುಗಳ ಸಂತತಿಯ ಪಾಲಾಯಿತು. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಬಿಟಿಯಲ್ಲದ ಬೀಜದ ಸಣ್ಣ ಪೊಟ್ಟಣವೂ ಬರುತ್ತಿದ್ದದ್ದು ಇದನ್ನು ತಡೆಯಲಿಕ್ಕೆ. ಅದನ್ನು ಹೊಲದ ಸುತ್ತ ಸಾಲು ಬಿತ್ತಬೇಕಿತ್ತು. ಬಹಳ ಜನ ಬಿತ್ತಲಿಲ್ಲ. ಹುಳ ತಿನ್ನುವ ಗಿಡವನ್ನು ದುಡ್ಡು ಕೊಟ್ಟು ಯಾಕೆ ಬೆಳೆಸಬೇಕು ಎಂಬುದು ಅವರ ಪ್ರಶ್ನೆ, ಅದೇನೂ ಅವಿವೇಕದ್ದಲ್ಲ. ಉತ್ತರ ಯಾರೂ ಬಿಡಿಸಿ ಹೇಳಿರಲಿಲ್ಲ.

ಈಗ ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿ ಓದುತ್ತಿರುವ ಮಕ್ಕಳಿಗೆ ನಾನು ಕೊಡುವ ಪ್ರಶ್ನೆ ಇದೇ: ಹೊಲದ ಅಂಚಿನ ಆ ಸಾಲುಗಳಲ್ಲಿ ಸಾಯದೆ ಉಳಿದ ಸಾಮಾನ್ಯ ಹುಳಗಳಿಂದ ನಡುವಿನ ಬಿಟಿ ಗಿಡಗಳಿಗೆ ಏನು ಉಪಯೋಗ? 'ಒಗ್ಗಿಕೊಂಡಿತು' ಎಂಬ ಪದ ಬಳಸದೆ ಬರೆಯಿರಿ.