ಎಷ್ಟು ಹತ್ತಿರವಾದರೆ ಸಮ?

ಸಕಲೇಶಪುರದಿಂದ ಬಿಸಿಲೆ ಮೇಲೆ ಕುಲ್ಕುಂದಕ್ಕೆ ಇಳಿಯುವ ರಸ್ತೆಯಲ್ಲಿ, ಮಂಕನಹಳ್ಳಿಯ ಬಳಿ, ‘ರಿಡ್ಜ್’ ಎಂದೇ ಹೆಸರಾದ ಜಾಗವಿದೆ. ಅಲ್ಲಿ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿಗಳನ್ನು ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಕುಮಾರಧಾರೆಗಿಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಈ ಕವಲನ್ನು ಕಂಪ್ಯೂಟರ್ ನಕ್ಷೆಯಲ್ಲಿ ಗುರುತಿಸಬೇಕಾದರೆ ಅಕ್ಕಪಕ್ಕದ ಎರಡು ಎತ್ತರಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ, ಯಾವಾಗ ಎರಡೂ ಒಂದೇ ಎಂದು ತೀರ್ಮಾನಿಸಬೇಕು. ಅರವತ್ತು ವರ್ಷಗಳಿಂದ ತಂತ್ರಾಂಶ ಬರೆಯುವವರನ್ನು ಕಾಡುತ್ತಿರುವುದು ಆ ‘ಒಂದೇ’ ಎಂಬ ತೀರ್ಮಾನ.

ಈ ಸೀಮೆಯ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಬೆಳಿಗ್ಗೆ ಹತ್ತು ಸೆಂಟು, ಸಂಜೆ ಇಪ್ಪತ್ತು ಸೆಂಟು ಬಂದರೆ ಆ ದಿನದ ಮಳೆ ಮೂವತ್ತು ಸೆಂಟು. ಇದನ್ನೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1 + 0.2 ಎಂದು ಬರೆದರೆ 0.30000000000000004 ಎಂಬ ಉತ್ತರ ಬರುತ್ತದೆ, ‘ಇದು 0.3ಕ್ಕೆ ಸಮವೇ?’ ಎಂದು ಕೇಳಿದರೆ ‘ಅಲ್ಲ’ ಎನ್ನುತ್ತದೆ. ಯಂತ್ರ ಕೆಟ್ಟಿಲ್ಲ. ಅದು ಎಣಿಸುವುದು ಎರಡರ ಘಾತಗಳಲ್ಲಿ. ಹತ್ತನೇ ಒಂದು ಭಾಗ ಆ ಪದ್ಧತಿಯಲ್ಲಿ ಎಂದೂ ಮುಗಿಯದ ಭಿನ್ನರಾಶಿ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು.

ಹಾಗಾಗಿ ಟಾಲರೆನ್ಸ್ ಬಂತು, ಅಂದರೆ ಇಷ್ಟರೊಳಗಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ಮಿತಿ. 1960ರ ದಶಕದಲ್ಲಿ ಕೆನ್ನೆತ್ ಐವರ್ಸನ್ ಅವರ ಎಪಿಎಲ್ ಭಾಷೆ ಈ ಮಿತಿಯನ್ನು ಹೋಲಿಕೆಯೊಳಗೇ ಸೇರಿಸಿತು. ಬಳಸುವವರು ಕೇಳದಿದ್ದರೂ ಭಾಷೆಯೇ ಸಣ್ಣ ವ್ಯತ್ಯಾಸವನ್ನು ನುಂಗುತ್ತಿತ್ತು. 1969ರಲ್ಲಿ ಡೊನಾಲ್ಡ್ ಕನೂತ್ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕುರಿತ ತಮ್ಮ ಗ್ರಂಥದ ಎರಡನೇ ಸಂಪುಟದಲ್ಲಿ ಸಂಖ್ಯೆಯ ಗಾತ್ರಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಮಿತಿಗೆ ಗಣಿತದ ಬುನಾದಿ ಹಾಕಿದರು. ಅಂಥ ಹೋಲಿಕೆಗಳಲ್ಲೆಲ್ಲ ಒಂದು ತೊಡಕಿದೆ: ‘ಅ’ ಮತ್ತು ‘ಆ’ ಸಮ, ‘ಆ’ ಮತ್ತು ‘ಇ’ ಸಮ ಎಂದ ಮಾತ್ರಕ್ಕೆ ‘ಅ’ ಮತ್ತು ‘ಇ’ ಸಮವಾಗಬೇಕಿಲ್ಲ. ರಿಡ್ಜ್‌ನಿಂದ ಕುಲ್ಕುಂದದವರೆಗೆ ಅಂಗುಲ ಅಂಗುಲವಾಗಿ ಇಳಿಯುತ್ತ, ಪ್ರತಿ ಹೆಜ್ಜೆಯನ್ನೂ ಹಿಂದಿನದಕ್ಕೆ ಸಮ ಎನ್ನುತ್ತ ಹೋದರೆ ಘಟ್ಟವೇ ಇಲ್ಲವೆಂದು ಸಾಧಿಸಿಬಿಡಬಹುದು.

ಕನೂತ್ ಬರೆದ ಕಾಲಕ್ಕೆ ಒಂದೊಂದು ಕಂಪನಿಯ ಯಂತ್ರ ಸಂಖ್ಯೆಗಳನ್ನು ಒಂದೊಂದು ರೀತಿ ದುಂಡಾಗಿಸುತ್ತಿತ್ತು. ವಿಲಿಯಂ ಕಹಾನ್ ಅವರ ಪಟ್ಟು ಬಿಡದ ಕೆಲಸದಿಂದ 1985ರಲ್ಲಿ ಐಇಇಇ 754 ಎಂಬ ಮಾನದಂಡ ಬಂದ ಮೇಲೆ ದೋಷ ಎಷ್ಟು ಎಂಬುದನ್ನಾದರೂ ಮೊದಲೇ ಹೇಳುವಂತಾಯಿತು. 1991ರಲ್ಲಿ ಡೇವಿಡ್ ಗೋಲ್ಡ್‌ಬರ್ಗ್ ಬರೆದ ಸಮೀಕ್ಷೆ ಈ ತಿಳಿವಳಿಕೆಯನ್ನು ಸಾಮಾನ್ಯ ಪ್ರೋಗ್ರಾಮರ್‌ಗಳಿಗೂ ಮುಟ್ಟಿಸಿತು.

ಸಂಖ್ಯೆ ದೊಡ್ಡದಾದಷ್ಟೂ ಅದರ ಪಕ್ಕದ ಸಂಖ್ಯೆ ದೂರ ಸರಿಯುತ್ತದೆ ಎಂಬುದು ಈ ಮಾನದಂಡದ ಸ್ವಭಾವ. ಬಿಸಿಲೆ ಇರುವುದು ಸುಮಾರು 12.7 ಡಿಗ್ರಿ ಅಕ್ಷಾಂಶ, 75.7 ಡಿಗ್ರಿ ರೇಖಾಂಶದಲ್ಲಿ. ಇವನ್ನು 32 ಬಿಟ್‌ಗಳಲ್ಲಿ ಇಟ್ಟರೆ ಅಕ್ಷಾಂಶ ನೆಲದ ಮೇಲೆ ಸುಮಾರು 10 ಸೆಂಟಿಮೀಟರ್‌ಗೊಮ್ಮೆ ಹೆಜ್ಜೆಯಿಡುತ್ತದೆ, ರೇಖಾಂಶ ಸುಮಾರು 83 ಸೆಂಟಿಮೀಟರ್‌ಗೊಮ್ಮೆ. ಒಂದೇ ಕಲ್ಲನ್ನು ಗುರುತಿಸುವ ಎರಡು ಸಂಖ್ಯೆಗಳಿಗೆ ಎಂಟು ಪಟ್ಟು ಬೇರೆ ನಿಖರತೆ! ಎರಡಕ್ಕೂ 0.000001 ಎಂಬ ಒಂದೇ ಮಿತಿ ಹಾಕಿದ ಕೋಡ್ ಅಕ್ಷಾಂಶದಲ್ಲಿ ಪಕ್ಕದ ಸಂಖ್ಯೆಯನ್ನು ಸಮವೆಂದು ಒಪ್ಪುತ್ತದೆ. ರೇಖಾಂಶದಲ್ಲಿ ಅದೇ ಮಿತಿ ಇದ್ದೂ ಇಲ್ಲದಂತೆ.

ಗಾತ್ರಾನುಸಾರ ಮಿತಿ ಇದಕ್ಕೆ ಮದ್ದು, ಆದರೆ ಸೊನ್ನೆಯ ಬಳಿ ಅದೂ ಸೋಲುತ್ತದೆ. 2015ರಲ್ಲಿ ಪೈಥಾನ್ 3.5ರ ಜೊತೆ ಬಂದ ‘ಈಸ್‌ಕ್ಲೋಸ್’ (isclose) ಹೋಲಿಕೆಗೆ ಒಳ್ಳೆಯ ಸಾಧನ. ಎರಡು ಸಂಖ್ಯೆಗಳನ್ನು ಅದಲು ಬದಲು ಮಾಡಿದರೂ ಉತ್ತರ ಬದಲಾಗದು. ನಂಪೈ ಗ್ರಂಥಾಲಯದಲ್ಲಿ ಅದೇ ಹೆಸರಿನ ಸಾಧನಕ್ಕೆ ಆ ಗುಣವಿಲ್ಲ. ಆದರೆ ಪೈಥಾನ್‌ನ ಸಾಧನಕ್ಕೆ ಸೊನ್ನೆಯ ಬಳಿಯ ಸ್ಥಿರ ಮಿತಿಯನ್ನು ನಾವೇ ಕೊಡಬೇಕು. ಕೊಡದಿದ್ದರೆ, 0.1 + 0.2ರ ಮೊತ್ತದಿಂದ 0.3 ಕಳೆದ ಮೇಲೆ ಉಳಿಯುವ ಪುಡಿ ಶೇಷವನ್ನು ಮಳೆ ಬಾರದ ದಿನದ ಸೊನ್ನೆಗೆ ಹೋಲಿಸಿದಾಗ ಅದು ಸಮ ಎನ್ನುವುದೇ ಇಲ್ಲ.

ನೆಲದ ಎತ್ತರಗಳ ಕಥೆ ಇನ್ನೂ ತೊಡಕಿನದು. ನಕ್ಷೆಯನ್ನು ಚೌಕಗಳಾಗಿ ಭಾಗಿಸಿ, ಒಂದು ಚೌಕದ ನೀರು ಸುತ್ತಲಿನ ಎಂಟು ಚೌಕಗಳಲ್ಲಿ ಅತಿ ಕಡಿದಾಗಿ ಇಳಿಯುವ ಕಡೆಗೆ ಹರಿಯುತ್ತದೆ ಎಂಬ ವಿಧಾನವನ್ನು ಓಕಲಹನ್ ಮತ್ತು ಮಾರ್ಕ್ 1984ರಲ್ಲಿ ಪ್ರಕಟಿಸಿದರು. 2000ದ ಫೆಬ್ರುವರಿಯಲ್ಲಿ ಎಂಡೆವರ್ ಗಗನನೌಕೆಯಿಂದ ನಡೆದ ರಾಡಾರ್ ಅಳತೆ ಎತ್ತರಗಳನ್ನು ಪೂರ್ಣ ಮೀಟರುಗಳಲ್ಲಿ ಕೊಟ್ಟಿತು. ಹಾಗಾಗಿ ದಿಬ್ಬದ ಮೇಲೆ ಅಕ್ಕಪಕ್ಕದ ಚೌಕಗಳು ಅಂಕಿಯಲ್ಲಿ ನಿಜಕ್ಕೂ ಸಮವಾಗಿ, ನೀರು ಯಾವ ಕಡೆಗೂ ಹರಿಯದೆ ನಿಂತುಬಿಡಬಹುದು. ಪ್ಲಾಂಷೋನ್ ಮತ್ತು ಡಾರ್ಬೂ ಅಂಥ ಮಟ್ಟಸವಾದ ಜಾಗಕ್ಕೆ ಕಿಂಚಿತ್ ಇಳಿಜಾರನ್ನು ಕೃತಕವಾಗಿ ಸೇರಿಸಿದರು. 2014ರಲ್ಲಿ ರಿಚರ್ಡ್ ಬಾರ್ನ್ಸ್ ಮತ್ತು ಸಂಗಡಿಗರು ಆ ಇಳಿಜಾರನ್ನು ಯಂತ್ರ ಬಲ್ಲ ಅತಿ ಸಣ್ಣ ಹೆಜ್ಜೆಗೆ ಇಳಿಸಿದರು. ಜಾಣತನದ ಕೆಲಸ, ನಿಜ. ಆದರೆ ಆ ರಾಡಾರ್ ಅಳತೆಗೆ ವಿಧಿಸಿದ್ದ ಗುರಿಯೇ ನೂರಕ್ಕೆ ತೊಂಬತ್ತು ಕಡೆ 16 ಮೀಟರ್ ಒಳಗಿನ ದೋಷ. ಹದಿನಾರು ಮೀಟರ್ ಸಂದೇಹದ ಮೇಲೆ ಕೂದಲೆಳೆಗಿಂತ ತೆಳುವಾದ ಹೆಜ್ಜೆ ನಿಂತು ಹನಿಯ ಸಮುದ್ರವನ್ನು ನಿರ್ಧರಿಸುತ್ತಿದೆ.

ಹಳಬರು ಈ ವಿಷಯದಲ್ಲಿ ನಮಗಿಂತ ಎಚ್ಚರದಿಂದಿದ್ದರು. ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಿಂದ ತ್ರಿಕೋನಗಳ ಸರಣಿ ಕಟ್ಟುತ್ತ ಬಂದು, 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆಸಿದ. ಲೆಕ್ಕದ ಉದ್ದಕ್ಕೂ ಅಳತೆಯ ಉದ್ದಕ್ಕೂ ಕೆಲವೇ ಇಂಚುಗಳ ಅಂತರವಿತ್ತು. ಅದನ್ನು ಒಪ್ಪಬಹುದೇ ಎಂಬುದಕ್ಕೆ ಸರಪಳಿ, ಬಿಸಿಲು, ಕೋನ ಅಳೆಯುವ ಥಿಯೊಡೊಲೈಟ್ ಇವುಗಳಿಂದ ಬರುವ ದೋಷವೇ ಆಧಾರವಾಗಿತ್ತು.

ಅಂಥ ಎಚ್ಚರ ಇಲ್ಲದ್ದಕ್ಕೆ ಇದೇ ಸಕಲೇಶಪುರದ ಎತ್ತಿನಹೊಳೆಯಿಂದ ನೀರು ತಿರುಗಿಸುವ ಯೋಜನೆಯ ಲೆಕ್ಕ ನೋಡಿ. ಸಿಗುವ ನೀರು ಯೋಜನೆಯ ಅಂದಾಜಿನಲ್ಲಿ 24.01 ಟಿಎಂಸಿ, ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಹೇಳಿದ್ದು 9.55. ಎರಡಕ್ಕೂ ದಶಮಾಂಶದ ಮುಂದೆ ಎರಡೆರಡು ಅಂಕಿ. ಎಷ್ಟರವರೆಗೆ ತಪ್ಪಿರಬಹುದು ಎಂಬ ಮಿತಿಯಿಲ್ಲದೆ ಆ ಕೊನೆಯ ಅಂಕಿಗಳಿಗೆ ಬೆಲೆಯಿಲ್ಲ.

ಮಳೆ, ನೆಲ, ಕಾಡಿನ ಗಡಿಗಳ ತಂತ್ರಾಂಶ ಬರೆಯುವ ಕನ್ನಡದ ಹುಡುಗ ಹುಡುಗಿಯರಲ್ಲಿ ಒಂದು ಕೋರಿಕೆ. ಕೋಡ್‌ನಲ್ಲಿ ಮಿತಿಯ ಅಂಕಿ ಬರೆದಾಗ ಅದು ಮೀಟರೋ ಡಿಗ್ರಿಯೋ ಇಂಚೋ, ಯಾವ ಉಪಕರಣದ ದೋಷದಿಂದ ಬಂತು ಎಂದು ಪಕ್ಕದಲ್ಲೇ ಒಂದು ಸಾಲು ಬರೆದಿಡಿ.