ಹೋಮ್‌ಸ್ಟೆಡ್ ಹೈಸ್ಕೂಲು: ಗ್ಯಾರೇಜಿಗೆ ಮುಂಚಿನ ಕತೆ

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿ, ಹೋಮ್‌ಸ್ಟೆಡ್ ರಸ್ತೆಯ ಮಗ್ಗುಲಲ್ಲಿ, ಅದೇ ಹೆಸರಿನ ಸರ್ಕಾರಿ ಹೈಸ್ಕೂಲಿದೆ. ಶುರುವಾದದ್ದು 1962ರಲ್ಲಿ. ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ಓದು, ನಡೆಸುವುದು ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್. ಲಾಂಛನ ಮಸ್ಟಾಂಗ್ ಕುದುರೆ. ಲೆಕ್ಕಪತ್ರ ಇಷ್ಟು ಸಾಕು.

ಈ ಸೀಮೆಯೆಲ್ಲ ಆಗ ಹಣ್ಣಿನ ತೋಟ: ಏಪ್ರಿಕಾಟ್, ಪ್ರೂನ್, ಚೆರ್ರಿ. 1950ರ ದಶಕದಲ್ಲಿ ಪಕ್ಕದ ಸನಿವೇಲಿಗೆ ಲಾಕ್‌ಹೀಡ್ ಕಂಪನಿ ಬಂತು, ಎಂಜಿನಿಯರುಗಳು ಸಂಸಾರ ಕಟ್ಟಿಕೊಂಡು ಬಂದರು, ಮರ ಕಡಿದ ಜಾಗದಲ್ಲಿ ಮನೆಗಳೆದ್ದವು. ಆ ಮಕ್ಕಳಿಗಾಗಿ ಒಂದರ ಹಿಂದೊಂದು ಹೈಸ್ಕೂಲು ತೆರೆಯಬೇಕಾಯಿತು.

ಶಾಲೆಯ ಅಂಚಿನಲ್ಲಿ, ಕಾರು ನಿಲ್ಲಿಸುವ ಜಾಗದ ಪಕ್ಕ, ಶೆಡ್ಡಿನಂಥ ಕಟ್ಟಡದಲ್ಲಿ ಜಾನ್ ಮೆಕಾಲಂ ಮೇಷ್ಟ್ರ ಎಲೆಕ್ಟ್ರಾನಿಕ್ಸ್ ಕ್ಲಾಸು ನಡೆಯುತ್ತಿತ್ತು. ಅದರ ಗೋಡೆಗೇ ವಾಹನ ರಿಪೇರಿ ಕಲಿಸುವ ಕೋಣೆ. ಮೇಷ್ಟ್ರು ನೌಕಾಪಡೆಯಲ್ಲಿ ಪೈಲಟ್ ಆಗಿದ್ದವರು, ಶಿಸ್ತು ಅಂದರೆ ಶಿಸ್ತು. ಟೆಸ್ಲಾ ಕಾಯಿಲ್‌ನಿಂದ ಕಿಡಿ ಹಾರಿಸಿ ಹುಡುಗರ ಕಣ್ಣರಳಿಸುತ್ತಿದ್ದರು. ಅಲ್ಲಿಲ್ಲಿ ಕೇಳಿ ತಂದ ಟ್ರಾನ್ಸಿಸ್ಟರುಗಳು ತುಂಬಿದ ಸಣ್ಣ ಉಗ್ರಾಣವೊಂದಿತ್ತು. ಮೆಚ್ಚಿನ ಶಿಷ್ಯರಿಗೆ ಅದರ ಕೀಲಿ ಕೈಗೇ ಕೊಡುತ್ತಿದ್ದರು. ಅಂಥವರಲ್ಲೊಬ್ಬ, ಮುಂದೆ ಸ್ಟೀವ್ ಜಾಬ್ಸ್ ಜೊತೆ ಆಪಲ್ ಕಂಪನಿ ಕಟ್ಟಿದ ಸ್ಟೀವ್ ವೋಜ್ನಿಯಾಕ್. ಅವನಿಗೆ ಕಲಿಸಲು ತಮ್ಮಲ್ಲಿ ಇನ್ನೇನೂ ಉಳಿದಿಲ್ಲ ಅನ್ನಿಸಿದಾಗ ವಾರಕ್ಕೊಮ್ಮೆ ಸಿಲ್ವೇನಿಯಾ ಕಂಪನಿಗೆ ಹೋಗಿ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯಲು ಏರ್ಪಾಡು ಮಾಡಿದರು. ನನ್ನ ಪ್ರಕಾರ ಈ ಊರಿನ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಉಪಕಾರ ಯಾವ ಮೇಷ್ಟ್ರೂ ಮಾಡಿಲ್ಲ.

ಶಿಷ್ಯನ ಪುಂಡಾಟವೂ ಕಮ್ಮಿಯಿರಲಿಲ್ಲ. ಸಂಗೀತಕ್ಕೆ ತಾಳ ಹಾಕುವ ಮೆಟ್ರೋನೋಮಿಗೆ ಬ್ಯಾಟರಿ ಕಟ್ಟಿ ಗೆಳೆಯನ ಲಾಕರಿನಲ್ಲಿಟ್ಟ. ಟಿಕ್ ಟಿಕ್ ಕೇಳಿದ ಪ್ರಿನ್ಸಿಪಾಲರು ಬಾಂಬೆಂದೇ ತಿಳಿದು, ಎದೆಗವಚಿಕೊಂಡು ಫುಟ್‌ಬಾಲ್ ಮೈದಾನಕ್ಕೆ ಓಡಿ ತಂತಿ ಕಿತ್ತರು. ಹುಡುಗನಿಗೆ ಒಂದು ರಾತ್ರಿ ಬಾಲಾಪರಾಧಿಗಳ ಜೊತೆ ವಾಸ.

ಊರಲ್ಲಿ ಹಬ್ಬಿರುವ ಒಂದು ಮಾತನ್ನು ಇಲ್ಲಿ ತಿದ್ದಲೇಬೇಕು. ವೋಜ್ನಿಯಾಕ್, ಸ್ಟೀವ್ ಜಾಬ್ಸ್ ಇಬ್ಬರೂ ಕ್ಲಾಸ್‌ಮೇಟುಗಳು ಎಂದು ಹೇಳುವವರುಂಟು. ತಪ್ಪು. ವೋಜ್ನಿಯಾಕ್ ಶಾಲೆ ಮುಗಿಸಿದ್ದು 1968ರಲ್ಲಿ. ಜಾಬ್ಸ್ ಒಂಬತ್ತನೆಗೆ ಸೇರಿದ್ದು ಅವನು ಹೊರಟ ಮೇಲೆ, ಮುಗಿಸಿದ್ದು 1972ರಲ್ಲಿ. ಇಬ್ಬರನ್ನೂ ಬಲ್ಲ ಬಿಲ್ ಫರ್ನಾಂಡಿಸ್, ಅವನೂ ಇದೇ ಶಾಲೆಯವನು, ಪರಿಚಯ ಮಾಡಿಸಿದ್ದು 1971ರಲ್ಲಿ. ಮೆಕಾಲಂ ಕ್ಲಾಸಿನ ಮೂರು ವರ್ಷದ ಪಾಠದಲ್ಲಿ ಜಾಬ್ಸ್ ಕೂತದ್ದು ಒಂದೇ ವರ್ಷ. ಬಿಡಿಭಾಗವೊಂದು ಬೇಕೆಂದು ಡೆಟ್ರಾಯಿಟಿನ ಬರೋಸ್ ಕಂಪನಿಗೆ ಅವರ ಖರ್ಚಿನಲ್ಲೇ ಟ್ರಂಕ್ ಕಾಲ್ ಮಾಡಿ ಮೇಷ್ಟ್ರ ಸಿಟ್ಟಿಗೆ ಗುರಿಯಾದ. ಸಾಮಾನು ಮಾತ್ರ ವಿಮಾನದಲ್ಲಿ ಬಂತು.

ಈಚೆಗೆ ಬಂದ ನಮ್ಮ ಕನ್ನಡದ ಮಂದಿ ಮನೆ ನೋಡುವ ಮುಂಚೆ ಸ್ಕೂಲ್ ಡಿಸ್ಟ್ರಿಕ್ಟ್ ಯಾವುದು ಅಂತ ಕೇಳುತ್ತಾರೆ. ಜಾಬ್ಸ್‌ನ ಅಪ್ಪ ಅಮ್ಮ ಮಾಡಿದ್ದೂ ಅದನ್ನೇ. ಮಗ ಹಳೇ ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದ ಮೇಲೆ ಒಳ್ಳೆಯ ಶಾಲೆಗಳ ಗಡಿಯೊಳಗೆ, ಲಾಸ್ ಆಲ್ಟೋಸಿನ ಕ್ರಿಸ್ಟ್ ಡ್ರೈವಿನಲ್ಲಿ ಮನೆ ಕೊಂಡರು. ಆಪಲ್ ಹುಟ್ಟಿದ ಜಾಗವೆಂದು ಹೇಳುವ ಗ್ಯಾರೇಜು ಆ ಮನೆಯದೇ.

ಆ ಮನೆಗೆ 2013ರಲ್ಲಿ ಲಾಸ್ ಆಲ್ಟೋಸಿನ ಚಾರಿತ್ರಿಕ ಆಯೋಗ ಪಾರಂಪರಿಕ ಮಾನ್ಯತೆ ಕೊಟ್ಟಿತು. ಮರುವರ್ಷ ವೋಜ್ನಿಯಾಕ್ ಬಾಯಿಬಿಟ್ಟೇ ಹೇಳಿದರು: ಗ್ಯಾರೇಜಿನದು ಸ್ವಲ್ಪ ಕಟ್ಟುಕತೆ, ಅಲ್ಲಿ ವಿನ್ಯಾಸ ಮಾಡಿದ್ದೇನಿಲ್ಲ, ಕೆಲಸವೆಲ್ಲ ನಡೆದದ್ದು ಹ್ಯೂಲೆಟ್ ಪ್ಯಾಕರ್ಡ್ ಕಚೇರಿಯ ತಮ್ಮ ಮೇಜಿನ ಮೇಲೆ ಎಂದು. ಆದರೂ ಪ್ರವಾಸಿಗಳ ಕ್ಯಾಮೆರಾ ಗ್ಯಾರೇಜಿನ ಬಾಗಿಲಿಗೇ ತಿರುಗುತ್ತದೆ. ಜನರ ತೆರಿಗೆ ಹಣದಲ್ಲಿ, ಪುಕ್ಕಟೆ ಕಲಿಸಿದ ಸರ್ಕಾರಿ ಶಾಲೆಯ ಶೆಡ್ಡಿನ ಹೆಸರು ಎಷ್ಟು ಜನರ ಬಾಯಲ್ಲಿ ಬರುತ್ತದೆ?

ಶಾಲೆಗಳೂ ಶಾಶ್ವತವಲ್ಲ. ಇದೇ ಡಿಸ್ಟ್ರಿಕ್ಟಿನ ಸನಿವೇಲ್ ಹೈಸ್ಕೂಲು ಮಕ್ಕಳು ಕಮ್ಮಿಯಾಗಿ 1981ರಲ್ಲಿ ಮುಚ್ಚಿಹೋಯಿತು. ಅಲ್ಲೀಗ ಖಾಸಗಿ ಶಾಲೆಯಿದೆ.

ಮೆಕಾಲಂ ಮೇಷ್ಟ್ರ ಶಿಷ್ಯರಿಗೀಗ ಎಪ್ಪತ್ತರ ಆಸುಪಾಸು. ನಿಮ್ಮ ನೆರೆಮನೆಯಲ್ಲಿ ಅಂಥ ಹಿರಿಯರಿದ್ದರೆ ಆ ಕ್ಲಾಸಿನ ಕತೆ ಕೇಳಿ, ಬರೆದಿಡಿ.