ನವಜಾತ ಶಿಶುವಿನ ಮೆದುಳಿನ ಚಿತ್ರಣ (ಇತಿಹಾಸ)

ದಿನ ತುಂಬದೆ ಹುಟ್ಟಿದ ಅಥವಾ ಹುಟ್ಟುವಾಗ ಉಸಿರುಕಟ್ಟಿದ ಶಿಶುವಿನ ಮೆದುಳಿಗಾದ ಹಾನಿಯನ್ನು ಜೀವವಿರುವಾಗಲೇ ಕಾಣುವ ವಿಧಾನಗಳು ಬಂದು ಅರ್ಧ ಶತಮಾನವಾಗಿದೆ. ಅದಕ್ಕೂ ಮುಂಚೆ ತಿಳಿದದ್ದರಲ್ಲಿ ಬಹುಪಾಲು ಶವಪರೀಕ್ಷೆಯಿಂದ ಬಂದದ್ದು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಸಿ.ಟಿ. ಸ್ಕ್ಯಾನ್ ಆಯಿತು.

1978ರಲ್ಲಿ ಅಮೆರಿಕದ ಲು-ಆನ್ ಪಪೀಲ್ ಮತ್ತು ಸಂಗಡಿಗರು 1,500 ಗ್ರಾಮಿಗಿಂತ ಕಡಿಮೆ ತೂಕದ 46 ಶಿಶುಗಳ ಸಿ.ಟಿ. ಮಾಡಿದಾಗ 20 ಶಿಶುಗಳ ಮೆದುಳಿನಲ್ಲಿ ರಕ್ತಸ್ರಾವ ಕಂಡಿತು. ಅದನ್ನು ಅವರು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಈ ದರ್ಜೆಗಳು ಹುಟ್ಟಿದ್ದು ಅಲ್ಟ್ರಾಸೌಂಡಿನಿಂದ ಎಂಬ ತಪ್ಪು ಕಲ್ಪನೆ ಈಗಲೂ ಇದೆ. ವಾಸ್ತವದಲ್ಲಿ ಅಲ್ಟ್ರಾಸೌಂಡ್ ಬಂದು ಸಿ.ಟಿ.ಯನ್ನು ಬದಿಗೊತ್ತಿತು, ದರ್ಜೆಗಳು ಮಾತ್ರ ಹಾಗೇ ಉಳಿದವು. ನಾಲ್ಕನೆಯ ದರ್ಜೆಯ ಅರ್ಥವೂ ಜಾರಿತು: ಮೆದುಳಿನ ದ್ರವ ತುಂಬಿದ ಕುಹರದಲ್ಲಿನ ರಕ್ತ ಸುತ್ತಲ ಅಂಗಾಂಶಕ್ಕೆ ನುಗ್ಗಿದ್ದೆಂದು ಮೊದಲು ತಿಳಿಯಲಾಗಿತ್ತು, ಅಭಿಧಮನಿ ಕಟ್ಟಿ ಅಂಗಾಂಶ ಸತ್ತದ್ದೆಂದು 1980ರ ದಶಕದ ಅಧ್ಯಯನಗಳು ತೋರಿಸಿದವು. ಹಳೆಯ ಕಡತದಲ್ಲಿರುವ ‘ನಾಲ್ಕು’ ಎಂಬ ಅಂಕಿಯನ್ನು ಎಚ್ಚರದಿಂದಲೇ ಓದಬೇಕು.

ಮೂಳೆ ದಾಟಲು ತಿಣುಕುವ ಅಲ್ಟ್ರಾಸೌಂಡಿನ ಶಬ್ದತರಂಗಕ್ಕೆ ಹಸುಗೂಸಿನ ತಲೆಯಲ್ಲಿ ಒಂದು ಕಿಂಡಿ ಇದೆ: ಅಜ್ಜಿಯರು ಎಣ್ಣೆ ಇಡುವ ಅದೇ ಮೆತ್ತನೆಯ ನೆತ್ತಿ. ವಿಕಿರಣವಿಲ್ಲ, ಮಗುವನ್ನು ಬೆಚ್ಚನೆಯ ಪೆಟ್ಟಿಗೆಯಿಂದ ಎತ್ತಬೇಕಿಲ್ಲ. ಭಾರತದಲ್ಲಿ ಈ ಅನುಕೂಲಕ್ಕೆ ಕಾನೂನಿನ ಮಿತಿಯೂ ಇದೆ. ಭ್ರೂಣಲಿಂಗ ಪತ್ತೆಯನ್ನು ತಡೆಯಲು ಮಹಾರಾಷ್ಟ್ರ 1988ರಲ್ಲಿ, ಕೇಂದ್ರ 1994ರಲ್ಲಿ ಕಾಯ್ದೆ ತಂದವು. ಲಿಂಗ ತಿಳಿಯಬಲ್ಲ ಯಂತ್ರ ಶಿಶುವಿನ ನೆತ್ತಿಯ ಮೇಲಷ್ಟೇ ಓಡಿದರೂ ನೋಂದಣಿ ಕಡ್ಡಾಯ. ಒಯ್ಯಬಹುದಾದ ಯಂತ್ರಗಳನ್ನು 2012ರ ನಿಯಮ ನೋಂದಾಯಿತ ಆವರಣಕ್ಕೆ ಕಟ್ಟಿಹಾಕಿತು. ಸಂಚಾರಿ ವೈದ್ಯಕೀಯ ಘಟಕಗಳಿಗೆ ಮಾತ್ರ ವಿನಾಯಿತಿ. ಮುಂಬಯಿ ಪಕ್ಕದ ಥಾಣೆ, ಕಲ್ಯಾಣ್-ಡೊಂಬಿವಲಿ, ನವಿಮುಂಬಯಿ ಎಂಬ ಮೂರು ನಗರಪಾಲಿಕೆಗಳ ಒತ್ತಾದ ಪಟ್ಟಿಯಲ್ಲೂ ಒಂದು ಆಸ್ಪತ್ರೆಯ ಯಂತ್ರ ಪಕ್ಕದ ಊರಿನ ಮಗುವಿನ ಬಳಿಗೆ ಹೋಗುವಂತಿಲ್ಲ, ಮಗುವೇ ಬರಬೇಕು.

ಎಂ.ಆರ್.ಐ. 1980ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಶಿಶುಗಳನ್ನು ತಲುಪಿತು. ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿದರೆ ಹಲವು ಮಕ್ಕಳಿಗೆ ಅರಿವಳಿಕೆಯೂ ಬೇಡ.

ತೀರಾ ಈಚಿನ ವಿವಾದ ಮುಂಬಯಿ ಪ್ರದೇಶಕ್ಕೂ ಸೇರಿದ್ದು. ಉಸಿರುಕಟ್ಟಿದ ಶಿಶುಗಳ ಮೈಯನ್ನು 72 ಗಂಟೆ ತಂಪಾಗಿಡುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಫಲ ಕೊಟ್ಟಿತ್ತು. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಏಳು ಆಸ್ಪತ್ರೆಗಳ 408 ಶಿಶುಗಳ ಮೇಲೆ ನಡೆದ ‘ಹೀಲಿಕ್ಸ್’ ಪ್ರಯೋಗದ ಫಲಿತಾಂಶ 2021ರಲ್ಲಿ ಹೊರಬಂದಾಗ ಚಿತ್ರ ತಿರುಗಿತು: ತಂಪಾಗಿಸಿದವರಲ್ಲಿ ಶೇ. 42, ಉಳಿದವರಲ್ಲಿ ಶೇ. 31 ಮಂದಿ ತೀರಿಕೊಂಡಿದ್ದರು. ಥಾಣೆ, ಡೊಂಬಿವಲಿ, ಕಲ್ಯಾಣ್‌ಗಳ ರೈಲು ಹಾದಿಯಲ್ಲೇ ಇರುವ ಮುಂಬಯಿಯ ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯೂ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಅದರಲ್ಲಿದ್ದವು. ಈ ವ್ಯತ್ಯಾಸದ ಕಾರಣದ ಚರ್ಚೆಯಲ್ಲಿ ಎಂ.ಆರ್.ಐ.ಯೇ ಸಾಕ್ಷಿ. ದಿಢೀರನೆ ಉಸಿರು ನಿಂತಾಗ ಮೆದುಳಿನ ಆಳದ ನರಕೇಂದ್ರಗಳು ಹಾನಿಗೊಳ್ಳುತ್ತವೆ. ಆದರೆ ದಕ್ಷಿಣ ಏಷ್ಯಾದ ಶಿಶುಗಳಲ್ಲಿ ಶ್ವೇತದ್ರವ್ಯದ (ನರತಂತುಗಳಿರುವ ಭಾಗದ) ಹಾನಿ ಎದ್ದು ಕಾಣುತ್ತದೆ. ಆಮ್ಲಜನಕದ ಕೊರತೆ ಹೆರಿಗೆಗೂ ಮುನ್ನ ನಿಧಾನವಾಗಿ ಶುರುವಾಗಿರಬೇಕು, ತಂಪಾಗಿಸುವ ಹೊತ್ತಿಗೆ ಕಾಲ ಮೀರಿರುತ್ತದೆ ಎಂಬುದು ಒಂದು ವಾದ. ಸೋಂಕು, ತಾಯಿಯ ಪೋಷಣೆಗಳತ್ತ ಬೆರಳು ಮಾಡುವುದು ಇನ್ನೊಂದು.